ಬುಷ್ ಬೋಲ್ಟ್ ಬಿಗಿಯಬೇಕಾದದ್ದು ಕಾರು ತನ್ನ ಭಾರದಲ್ಲಿ ನಿಂತ ಮೇಲೆ: ನನ್ನ ಅನುಭವ

ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ತಿಂಗಳಿಗೆ ಎರಡು ಮೂರು ಬಾರಿ ಮಂಗಳೂರಿಗೆ ಹೋಗಿಬರುವ ನನ್ನ ಸಣ್ಣ ಕಾರಿನ ಲೋವರ್ ಆರ್ಮ್ ಬುಷ್‌ಗಳನ್ನು ಒಮ್ಮೆ ಗ್ಯಾರೇಜೊಂದರಲ್ಲಿ ಬದಲಾಯಿಸಿದ್ದೆ. ಲೋವರ್ ಆರ್ಮ್ ಎಂದರೆ ಚಕ್ರವನ್ನು ಕೆಳಗಿನಿಂದ ಕಾರಿನ ಒಡಲಿಗೆ ಸೇರಿಸುವ ತೋಳು; ಅದು ಒಡಲಿಗೆ ಸೇರುವಲ್ಲಿ ಕೂರಿಸುವ ರಬ್ಬರಿನ ಜೋಡಣೆಯೇ ಬುಷ್. ಎಂಟೇ ತಿಂಗಳಲ್ಲಿ ಎಡಬದಿಯ ಬುಷ್ ಹರಿದು, ಬ್ರೇಕ್ ಹಾಕಿದಾಗಲೆಲ್ಲ ಟಕ್ ಎಂಬ ಸದ್ದು ಕೇಳಿಸತೊಡಗಿತು. ಬುಷ್ ಕಳಪೆಯದಿರಬೇಕೆಂದೇ ನಾನು ಭಾವಿಸಿದ್ದೆ. ಆದರೆ ಹರಿದ ಬುಷ್ಷನ್ನು ಬಿಚ್ಚಿ ನೋಡಿದಾಗ ರಬ್ಬರ್ ಸವೆದಿರಲಿಲ್ಲ. ಒಳಗಿನ ಕಬ್ಬಿಣದ ಕೊಳವೆಯ ಸುತ್ತ ಒಂದೇ ದಿಕ್ಕಿಗೆ ತಿರುಚಿ ಸೀಳಿತ್ತು. ಆಗ ನೆನಪಾಯಿತು: ಅಂದು ಕಾರನ್ನು ಲಿಫ್ಟ್‌ನ ಮೇಲೆ ಏರಿಸಿ, ಚಕ್ರಗಳು ಜೋತಾಡುತ್ತಿದ್ದಾಗಲೇ ಎಲ್ಲ ಬೋಲ್ಟ್‌ಗಳನ್ನೂ ಪೂರ್ತಿ ಬಿಗಿದುಬಿಟ್ಟಿದ್ದರು.

ಈ ಬುಷ್ ಬಾಗಿಲಿನ ತಿರುಗಣೆಯಂತೆ ಜಾರಿ ತಿರುಗುವ ವಸ್ತುವಲ್ಲ. ಹೊರಗಿನ ಕೊಳವೆ ಆರ್ಮ್‌ನೊಳಗೆ ಒತ್ತಿ ಕೂತಿರುತ್ತದೆ. ಬೋಲ್ಟ್ ಬಿಗಿದೊಡನೆ ಒಳಕೊಳವೆ ಕಾರಿನ ಒಡಲಿಗೆ ಸೇರಿದ ಬ್ರಾಕೆಟ್ಟಿನ ಎರಡು ಕಿವಿಗಳ ನಡುವೆ ಸಿಕ್ಕಿ ಅಲುಗದಂತಾಗುತ್ತದೆ. ಇವೆರಡಕ್ಕೂ ಅಂಟಿಕೊಂಡಿರುವ ರಬ್ಬರ್ ಮಾತ್ರ ತಿರುಚಿಕೊಂಡು ಆರ್ಮ್ ಮೇಲೆ ಕೆಳಗೆ ಆಡುವುದಕ್ಕೆ ಎಡೆಗೊಡುತ್ತದೆ. ಹಾಗಾಗಿ ಬೋಲ್ಟ್ ಬಿಗಿಯುವ ಹೊತ್ತಿಗೆ ಆರ್ಮ್ ಯಾವ ಕೋನದಲ್ಲಿದೆಯೋ ಅದೇ ಆ ರಬ್ಬರಿನ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ನನ್ನ ಕಾರಿನಲ್ಲಿ ಆರ್ಮ್‌ನ ಉದ್ದ ಸುಮಾರು 340 ಮಿ.ಮೀ.; ಕಾರನ್ನು ಎತ್ತಿದಾಗ ಅದರ ತುದಿ ನಿಂತ ಮಟ್ಟಕ್ಕಿಂತ ಸುಮಾರು 85 ಮಿ.ಮೀ. ಕೆಳಗಿಳಿಯುತ್ತದೆ. ಅಂದರೆ ಹೆಚ್ಚು ಕಡಿಮೆ 14 ಡಿಗ್ರಿ. ತೂಗಾಡುತ್ತಿರುವಾಗ ಬಿಗಿದರೆ, ಕಾರು ಅಂಗಳದಲ್ಲಿ ಸುಮ್ಮನೆ ನಿಂತಿರುವಾಗಲೂ ರಬ್ಬರ್ 14 ಡಿಗ್ರಿ ತಿರುಚಿಕೊಂಡೇ ಇರುತ್ತದೆ. ಗುಂಡಿಗೆ ಬಿದ್ದು ಆರ್ಮ್ ಇನ್ನೂ 60 ಮಿ.ಮೀ. ಮೇಲೇರಿದರೆ 10 ಡಿಗ್ರಿ ತಾಳಬೇಕಾದ ಕಡೆ ಅದು 24 ಡಿಗ್ರಿ ತಾಳಬೇಕಾಗುತ್ತದೆ. ನಮ್ಮ ಮಲೆನಾಡಿನ ರಸ್ತೆಗಳಲ್ಲಿ ಅದು ಎಷ್ಟು ಕಾಲ ಬಾಳೀತು?

ಅಷ್ಟರಲ್ಲಿ ಮುಂದಿನ ಸ್ಪ್ರಿಂಗ್‌ಗಳೂ ಕುಸಿದಿದ್ದರಿಂದ, ಸ್ಪ್ರಿಂಗ್ ಮತ್ತು ಬುಷ್ ಎರಡನ್ನೂ ಒಟ್ಟಿಗೆ ನಾನೇ ಬದಲಾಯಿಸಲು ನಿರ್ಧರಿಸಿದೆ. ಬಿಚ್ಚುವ ಮೊದಲು ಸಮತಟ್ಟಾದ ಅಂಗಳದಲ್ಲಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದೆ: ಬಲಬದಿಯಲ್ಲಿ 352 ಮಿ.ಮೀ. ಆಮೇಲೆ ಕಾರು ನೆಲದ ಮೇಲಿರುವಾಗಲೇ ಬಲಬದಿಯ ಆರ್ಮ್‌ನ ನಟ್ಟನ್ನು ಸಡಿಲಿಸಿದೆ. ಒಳಕೊಳವೆ ಬ್ರಾಕೆಟ್ಟಿನ ಹಿಡಿತದಿಂದ ಒಮ್ಮೆಲೇ ಬಿಡಿಸಿಕೊಂಡು ಸದ್ದು ಮಾಡಿತು. ಮತ್ತೆ ಅಳೆದರೆ 347. ತಿರುಚಿದ ರಬ್ಬರ್ ಅಷ್ಟು ದಿನ ಸ್ಪ್ರಿಂಗಿನ ಕೆಲಸವನ್ನು ತಾನೂ ಮಾಡುತ್ತ ಕಾರನ್ನು 5 ಮಿ.ಮೀ. ಎತ್ತಿ ಹಿಡಿದಿತ್ತು. ಓದಿ ತಿಳಿದದ್ದಕ್ಕಿಂತ ಆ ಸದ್ದು ನನಗೆ ಹೆಚ್ಚು ಕಲಿಸಿತು.

ಹಾಸನದ ಲೇತ್ ಅಂಗಡಿಯೊಂದರಲ್ಲಿ ಹೊಸ ಬುಷ್‌ಗಳನ್ನು ಪ್ರೆಸ್‌ನಲ್ಲಿ ಕೂರಿಸಿಕೊಂಡು ಬಂದೆ. ಸ್ಪ್ರಿಂಗ್ ಬದಲಾಯಿಸುವ ಕೆಲಸವನ್ನು ಇಲ್ಲಿ ವಿವರಿಸುವುದಿಲ್ಲ. ಕಂಪ್ರೆಸರ್‌ನಲ್ಲಿ ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಕುತ್ತು, ಅಭ್ಯಾಸವಿಲ್ಲದವರು ಅದನ್ನು ಬಲ್ಲವರಿಂದಲೇ ಮಾಡಿಸಬೇಕು ಎಂದಷ್ಟೇ ಹೇಳುತ್ತೇನೆ.

ಎಲ್ಲವನ್ನೂ ಜೋಡಿಸುವಾಗ ಆರ್ಮ್‌ನ ಬೋಲ್ಟ್‌ಗಳನ್ನು ಒಳಕೊಳವೆ ಇನ್ನೂ ತಿರುಗುವಷ್ಟು ಸಡಿಲವಾಗಿ, ಆದರೆ ನಟ್ಟಿನ ಎಳೆಗಳು ಪೂರ್ತಿ ಕೂರುವಂತೆ ಹಾಕಿದೆ. ಲಾಕ್ ನಟ್‌ಗಳನ್ನು ಹಳೆಯದನ್ನೇ ಬಳಸದೆ ಹೊಸದನ್ನೇ ಹಾಕಿದೆ. ಬಳಿಕ ದಪ್ಪ ಹಲಗೆಗಳನ್ನು ಜೋಡಿಸಿ, ನಾಲ್ಕೂ ಚಕ್ರಗಳು ಒಂದೇ ಮಟ್ಟದಲ್ಲಿ ನಿಲ್ಲುವಂತೆ ಕಾರನ್ನು ಅವುಗಳ ಮೇಲಿಳಿಸಿದೆ. ಕೈ ಮತ್ತು ಸ್ಪ್ಯಾನರ್ ಕೆಳಗೆ ತೂರುವಷ್ಟು ಜಾಗ ಸಿಗುವುದಕ್ಕಾಗಿಯೇ ಈ ಹಲಗೆಗಳು. ಇಳಿಸಿದೊಡನೆ ಬಿಗಿಯಲು ಹೊರಡಬಾರದು. ಎತ್ತಿ ಇಳಿಸಿದಾಗ ಟೈರುಗಳು ನೆಲವನ್ನು ಓರೆಯಾಗಿ ಕಚ್ಚಿಕೊಂಡು ನಿಲ್ಲುವುದರಿಂದ ಕಾರು ತನ್ನ ನಿಜವಾದ ಎತ್ತರಕ್ಕೆ ಬಂದಿರುವುದಿಲ್ಲ. ಹಲಗೆಗಳು ಉದ್ದವಿದ್ದುದರಿಂದ ಕಾರನ್ನು ಅವುಗಳ ಮೇಲೆಯೇ ಒಂದು ಗೇಣು ಹಿಂದೆ ಮುಂದೆ ಉರುಳಿಸಿ, ಬಂಪರ್ ಬಳಿ ಹಲವು ಬಾರಿ ಒತ್ತಿ ಬಿಟ್ಟು, ಚಕ್ರಗಳಿಗೆ ಗಟ್ಟಿಯಾದ ಅಡೆಕಟ್ಟು ಕೊಟ್ಟ ಮೇಲೆ ಅಳೆದೆ: ಎರಡೂ ಬದಿ 371. ಅಳತೆ ಒಂದೆಡೆ ನಿಂತಿತೆಂದು ಖಚಿತವಾದ ನಂತರವೇ, ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿದು ನಟ್ಟನ್ನು, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ ಕಾರಿನ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಕೊಟ್ಟಿರುವ ಮಟ್ಟಕ್ಕೆ ಬಿಗಿದೆ.

ಹಲಗೆಗಳಿಲ್ಲದವರು ಆರ್ಮ್‌ನ ತುದಿಗೆ, ಅದು ಚಕ್ರದ ಕಡೆಗೆ ಸೇರುವ ಬಾಲ್ ಜಾಯಿಂಟಿನ ಹತ್ತಿರ ಜಾಕ್ ಕೊಟ್ಟು, ಅಳತೆ 371ಕ್ಕೆ ಬರುವವರೆಗೆ ಎತ್ತಿ ಬಿಗಿಯುವುದುಂಟು. ಕ್ರಮ ತಪ್ಪೇನಲ್ಲ. ಆದರೆ ಸಣ್ಣ ಕಾರುಗಳಲ್ಲಿ ಆ ಎತ್ತರಕ್ಕೆ ಬರುವ ಹೊತ್ತಿಗೆ ಕಾರೇ ತನ್ನನ್ನು ಹೊತ್ತ ಸ್ಟ್ಯಾಂಡಿನಿಂದ ಏಳತೊಡಗುತ್ತದೆ. ಆ ಸ್ಥಿತಿಯಲ್ಲಿ ಯಾರೂ ಅದರ ಅಡಿಗೆ ಹೋಗಬಾರದು.

ಬೋಲ್ಟ್ ಅಡ್ಡಲಾಗಿರುವ ಬುಷ್‌ಗಳಿಗೆ ಈ ಎಚ್ಚರಿಕೆ ಅತ್ಯಗತ್ಯ. ನನ್ನ ಕಾರಿನ ಆರ್ಮ್‌ನ ಹಿಂತುದಿಯ ಬುಷ್‌ಗೆ ಬೋಲ್ಟ್ ನೆಟ್ಟಗೆ ಮೇಲ್ಮುಖವಾಗಿದೆ. ಆರ್ಮ್ ಏರಿಳಿದರೂ ಆ ಬೋಲ್ಟಿನ ಸುತ್ತ ತಿರುಚುವಿಕೆ ಇಲ್ಲದ ಕಾರಣ ಅಲ್ಲಿ ಎತ್ತರದ ಪ್ರಭಾವ ಕಡಿಮೆ. ಆದರೂ ಅದನ್ನೂ ಕೊನೆಯಲ್ಲೇ ಬಿಗಿದೆ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಕೆಳತುದಿಯ ರಬ್ಬರ್ ಬುಷ್‌ಗೂ ಇದೇ ನಿಯಮ ಅನ್ವಯಿಸುತ್ತದೆ, ಆದರೆ ಅದನ್ನು ಹೆಚ್ಚಿನವರು ಮರೆಯುತ್ತಾರೆ. ಒಳಕೊಳವೆಯ ಮೇಲೆ ಜಾರಿ ತಿರುಗುವ ಪಾಲಿಯುರೆಥೇನ್ ಬುಷ್‌ಗಳ ಮಾತು ಬೇರೆ. ಅವುಗಳಿಗೆ ಗ್ರೀಸ್ ಬೇಕು. ರಬ್ಬರಿನವಕ್ಕೆ ಗ್ರೀಸಾಗಲಿ, ವಾಟರ್ ಸರ್ವಿಸ್‌ನಲ್ಲಿ ಅಡಿಭಾಗಕ್ಕೆ ಸಿಂಪಡಿಸುವ ಡೀಸೆಲ್ ಆಗಲಿ ತಾಗಬಾರದು. ಎಣ್ಣೆ ಹೀರಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸ್ಪ್ರಿಂಗ್ ಬದಲಾಯಿಸುವಾಗ ಆರ್ಮ್‌ನ ಬೋಲ್ಟನ್ನು ಮುಟ್ಟಲೇ ಇಲ್ಲ, ಆದ್ದರಿಂದ ಬಿಗಿಯುವ ಪ್ರಶ್ನೆಯೇ ಇಲ್ಲ ಎಂದು ಹಲವರು ತಿಳಿಯುತ್ತಾರೆ. ಮೊದಲಿಗಿಂತ ಎತ್ತರದ ಅಥವಾ ತಗ್ಗಿನ ಸ್ಪ್ರಿಂಗ್ ಹಾಕಿದರೆ ಕಾರು ನಿಲ್ಲುವ ಮಟ್ಟವೇ ಬದಲಾಗುತ್ತದೆ, ಬುಷ್ ಮಾತ್ರ ಹಳೆಯ ಮಟ್ಟಕ್ಕೇ ಹೊಂದಿಕೊಂಡಿರುತ್ತದೆ. ಆಗ ಕಾರನ್ನು ಹೊಸ ಎತ್ತರದಲ್ಲಿ ನಿಲ್ಲಿಸಿ ಬೋಲ್ಟ್‌ಗಳನ್ನು ಸಡಿಲಿಸಿ ಮತ್ತೆ ಬಿಗಿಯಲೇಬೇಕು. ವೀಲ್ ಅಲೈನ್‌ಮೆಂಟ್ ಅದರ ನಂತರದ್ದು. ಎತ್ತರ ಬದಲಾದರೆ ಟೋ ಅಳತೆಯೂ (ಚಕ್ರಗಳು ಒಳಕ್ಕೆ ಅಥವಾ ಹೊರಕ್ಕೆ ಮುಖಮಾಡಿರುವ ಪ್ರಮಾಣ) ಬದಲಾಗುತ್ತದೆ, ಮೊದಲೇ ಮಾಡಿಸಿದರೆ ಹಣ ವ್ಯರ್ಥ.

ಬಿಗಿದಾದ ಮೇಲೆ ಆರ್ಮ್‌ನಿಂದ ಬ್ರಾಕೆಟ್ಟಿಗೆ ಅಡ್ಡವಾಗಿ ಬಿಳಿ ಬಣ್ಣದ ಒಂದು ಗೆರೆ ಎಳೆದಿಟ್ಟೆ. ಎರಡು ಮಳೆಗಾಲ ಕಳೆದಿವೆ. ಕಾರನ್ನು ಎತ್ತಿದಾಗ ಆ ಗೆರೆ ಮುರಿದಂತೆ ಕಾಣುತ್ತದೆ. ಇಳಿಸಿ ಸ್ವಲ್ಪ ಉರುಳಿಸಿದರೆ ಮತ್ತೆ ಒಂದಾಗುತ್ತದೆ.