ಊರಿನಿಂದ ದುಬೈಗೆ ಹೊಸದಾಗಿ ಬಂದವರಿಗೆ: ಹೈಬ್ರಿಡ್ ಕಾರಿಗೆ ಟಯರ್ ಹಾಕಿಸುವಾಗ

ಮಂಗಳೂರು, ಉಡುಪಿ ಕಡೆಯವರು ಟಯರ್ ನೋಡುವಾಗ ಮೊದಲು ಬಟನ್ (ರಸ್ತೆಗೆ ತಾಗುವ ರಬ್ಬರಿನ ಹಲ್ಲು) ಎಷ್ಟು ಉಳಿದಿದೆ ಎಂದು ನೋಡುತ್ತೇವೆ. ನಮ್ಮ ಮಳೆಗಾಲಕ್ಕೆ ಅದು ಸರಿ. ದುಬೈ, ಶಾರ್ಜಾದಲ್ಲಿ ಮೊದಲು ನೋಡಬೇಕಾದ್ದು ಟಯರಿನ ವಯಸ್ಸು. ಇಲ್ಲಿನ ಬಿಸಿಲಿಗೆ ರಬ್ಬರ್ ಗಡುಸಾಗಿ ಒಳಗೊಳಗೇ ಬಿರುಕು ಬಿಡುತ್ತದೆ. ಬಟನ್ ಚೆನ್ನಾಗಿಯೇ ಇರುವ ಟಯರ್ ಹೈವೇಯಲ್ಲಿ ಒಡೆಯುವುದು ಹೀಗೆ. ತಯಾರಾಗಿ 5 ವರ್ಷ ದಾಟಿದ ಟಯರನ್ನು ಯುಎಇಯಲ್ಲಿ ಓಡಿಸುವಂತಿಲ್ಲ. ಮುಲ್ಕಿಯಾ (ಇಲ್ಲಿನ ಗಾಡಿ ರಿಜಿಸ್ಟ್ರೇಷನ್ ಕಾರ್ಡು) ರಿನ್ಯೂ ಮಾಡಿಸುವ ಮೊದಲು ಇದನ್ನು ನೋಡಿಕೊಳ್ಳಿ.

ತಯಾರಾದ ದಿನ ಟಯರಿನ ಬದಿಯಲ್ಲೇ ಇರುತ್ತದೆ. ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರ. ಎಷ್ಟೋ ಟಯರುಗಳಲ್ಲಿ ಈ ನಾಲ್ಕು ಅಂಕಿ ಒಂದೇ ಬದಿಗೆ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಹೊರಬದಿಯಲ್ಲಿ ಸಿಗದಿದ್ದರೆ ಬಗ್ಗಿ ಒಳಬದಿ ನೋಡಲೇಬೇಕು. ಹೊಸದೆಂದು ಕೊಡುವ ಟಯರ್ ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಬೇರೆ ಕೇಳಿ. ಅಂಗಡಿಯವರು ರಿಮ್ಮಿಗೆ ಏರಿಸುವ ಮೊದಲೇ ನಾಲ್ಕೂ ಟಯರಿನ ಅಂಕಿ ನೋಡಿ, ಏರಿಸಿದ ಮೇಲೆ ವಾದ ಮಾಡಿ ಪ್ರಯೋಜನವಿಲ್ಲ. ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಸಿಗುವ ಹಳೇ ಟಯರುಗಳ ಆಸೆಗೆ ದಯವಿಟ್ಟು ಹೋಗಬೇಡಿ.

ಸೈಜು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿದೆ. 195/65 ಆರ್15 91ಎಚ್ ಎಂದಿದ್ದರೆ, 91 ಎಂಬುದು ಒಂದು ಟಯರ್ 615 ಕಿಲೋ ಹೊರಬಲ್ಲದು ಎಂಬ ಲೆಕ್ಕ, ಎಚ್ ಎಂದರೆ ಗಂಟೆಗೆ 210 ಕಿಮೀ ವೇಗದವರೆಗೆ ತಾಳುವಂಥದ್ದು. ಬ್ಯಾಟರಿ, ಮೋಟಾರು ಸೇರಿ ಹೈಬ್ರಿಡ್ ಕಾರು ಅದೇ ಮಾಡೆಲಿನ ಪೆಟ್ರೋಲ್ ಕಾರಿಗಿಂತ ಭಾರ. ಸೈಜು ಒಂದೇ ಎಂದು ಕಡಿಮೆ ಅಂಕಿಯ ಟಯರ್ ಹಾಕಿಸಬೇಡಿ, ಹೆಚ್ಚಿದ್ದರೆ ತೊಂದರೆಯಿಲ್ಲ. ಬದಿಯಲ್ಲಿ ಟೆಂಪರೇಚರ್ ದರ್ಜೆ ಬರೆದಿದ್ದರೆ ‘ಎ’ ಇರುವುದನ್ನೇ ಆರಿಸಿ.

ಮೈಲೇಜಿಗಾಗಿ ಮಾಡಿದ, ಕಡಿಮೆ ಎಳೆತದ (ಉರುಳುವಾಗ ಕಾರನ್ನು ಹಿಂದಕ್ಕೆ ಹಿಡಿಯುವುದು ಕಡಿಮೆ ಇರುವ) ಟಯರ್ ಹೈಬ್ರಿಡ್‌ಗೆ ಒಳ್ಳೆಯದೇ. ಆದರೆ ಅಗ್ಗದ ಕೆಲವು ಬ್ರ್ಯಾಂಡುಗಳಲ್ಲಿ ಎಳೆತ ಕಡಿಮೆ ಮಾಡಲು ಒದ್ದೆ ರಸ್ತೆಯ ಹಿಡಿತವನ್ನು ಬಿಟ್ಟುಕೊಟ್ಟಿರುತ್ತಾರೆ. ಇಲ್ಲಿ ಮಳೆ ಅಪರೂಪ, ಬಂದಾಗ ರಸ್ತೆಯಲ್ಲಿ ಕೂತ ಎಣ್ಣೆ, ಧೂಳು ಸೇರಿ ಜಾರುತ್ತದೆ. ಎರಡರ ನಡುವೆ ಆರಿಸಬೇಕಾದರೆ ಹಿಡಿತವನ್ನೇ ಆರಿಸಿ. ಶಬ್ದವನ್ನೂ ವಿಚಾರಿಸಿ: ಎಂಜಿನ್ ನಿಂತು ಮೋಟಾರಿನಲ್ಲೇ ಓಡುವಾಗ ಕಿವಿಗೆ ಬೀಳುವುದೆಲ್ಲ ಟಯರಿನ ಸದ್ದೇ.

ಹೊಸ ಟಯರ್ ಹಾಕಿಸಿದ ವಾರದಲ್ಲೇ ಮೈಲೇಜ್ ಬಿತ್ತೆಂದು ಹಲವರು ಗಾಬರಿಯಾಗುತ್ತಾರೆ. ದಪ್ಪ ಬಟನ್ ಹೆಚ್ಚು ಮಡಚಿಕೊಳ್ಳುತ್ತದೆ, ಆದ್ದರಿಂದ ಎಳೆತ ಸ್ವಲ್ಪ ಜಾಸ್ತಿ. ಇನ್ನೊಂದು ಕಾರಣವೂ ಇದೆ. ಮೇಲಿನ ಸೈಜಿನ ಹೊಸ ಟಯರಿನ ವ್ಯಾಸ ಸುಮಾರು 634 ಮಿಮೀ. ಬಟನ್ 8ರಿಂದ 2 ಮಿಮೀಗೆ ಸವೆದರೆ ವ್ಯಾಸ 12 ಮಿಮೀ ಇಳಿಯುತ್ತದೆ, ಮೀಟರು ಶೇಕಡಾ 2ರಷ್ಟು ಹೆಚ್ಚು ದೂರ ತೋರಿಸುತ್ತದೆ. ಅಂದರೆ ಹಳೇ ಟಯರಿನ ಮೈಲೇಜೇ ಸ್ವಲ್ಪ ಉಬ್ಬಿದ್ದಾಗಿತ್ತು.

ಎರಡೇ ಟಯರ್ ಹಾಕಿಸುವುದಾದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಅಂಗಡಿಯವರು ಮುಂದಕ್ಕೆ ಎನ್ನಬಹುದು, ಒಪ್ಪಬೇಡಿ. ಒದ್ದೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ, ಸ್ಟೀರಿಂಗಿನಲ್ಲಿ ಸರಿಪಡಿಸುವುದು ಕಷ್ಟ. ಜ್ಯಾಕ್ ಏರಿಸುವ ಮೊದಲು ಕಾರು ಪೂರ್ತಿ ಆಫ್ ಆಗಿರಲಿ. ‘ರೆಡಿ’ ದೀಪ ಉರಿಯುತ್ತಿದ್ದರೆ ಸದ್ದಿಲ್ಲದೆ ನಿಂತ ಎಂಜಿನ್ ತಾನಾಗಿ ಸ್ಟಾರ್ಟ್ ಆಗಬಹುದು. ರಿಮ್ಮಿನೊಳಗೆ ಗಾಳಿಯ ಸೆನ್ಸರ್ ಇದ್ದರೆ ಟಯರ್ ಬಿಚ್ಚುವವರಿಗೆ ಮೊದಲೇ ಹೇಳಿ, ಮುರಿದರೆ ಖರ್ಚು ನಿಮ್ಮದೇ. ನಟ್ಟುಗಳನ್ನು ಕೊನೆಗೆ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಪಾನಾ) ಬಿಗಿ ಮಾಡಿಸಿ. ಟೊಯೋಟಾ ಪ್ರಿಯಸ್‌ಗೆ ಅದು 103 ನ್ಯೂಟನ್ ಮೀಟರ್. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ವಾಲ್ವ್ ಎಲ್ಲ ಸೇರಿ ಎಷ್ಟು ಎಂದು ಮೊದಲೇ ಕೇಳಿ.

ಗಾಳಿ ಬೆಳಿಗ್ಗೆ, ಕಾರು ಓಡಿಸುವ ಮೊದಲು ನೋಡಿ. ಮಧ್ಯಾಹ್ನ ಬಿಸಿ ಟಯರಿನಲ್ಲಿ ಸ್ಟಿಕ್ಕರಿಗಿಂತ ನಾಲ್ಕೈದು ಪಿಎಸ್‌ಐ ಜಾಸ್ತಿ ತೋರಿಸುವುದು ಸಹಜ. ಆಗ ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆಯಾಗುತ್ತದೆ. ಕಡಿಮೆ ಗಾಳಿಯಲ್ಲಿ ಬದಿ ಮಡಚಿ ಮಡಚಿ ಬಿಸಿಯೇರುತ್ತದೆ, ಟಯರ್ ಒಡೆಯಲು ಮುಖ್ಯ ಕಾರಣವೇ ಅದು. ಕೆಲವು ಹೈಬ್ರಿಡ್‌ಗಳಲ್ಲಿ ಸ್ಟೆಪ್ನಿಯೇ ಇಲ್ಲ, ಪಂಚರ್ ಕಿಟ್ ಮಾತ್ರ. ಡಿಕ್ಕಿ ತೆಗೆದು ಇವತ್ತೇ ನೋಡಿಕೊಳ್ಳಿ.

ಊರಿನ ಮನೆಯಂಗಳದಲ್ಲೂ ಒಂದು ಕಾರು ನಿಲ್ಲಿಸಿಟ್ಟವರು ಅದಕ್ಕೂ ವಯಸ್ಸಿನ ಲೆಕ್ಕ ಇಡಿ. ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಟಯರ್ ನೆಲಕ್ಕೆ ತಾಗಿದಲ್ಲಿ ಚಪ್ಪಟೆಯಾಗುತ್ತದೆ. ಮನೆಯವರಿಗೆ ವಾರಕ್ಕೊಮ್ಮೆ ಸ್ವಲ್ಪ ದೂರ ಓಡಿಸಲು ಹೇಳಿ, 12 ವೋಲ್ಟಿನ ಬ್ಯಾಟರಿಯೂ ಉಳಿಯುತ್ತದೆ. ಜೂನ್‌ನಲ್ಲಿ ರಜೆಗೆ ಹೋಗುವುದಾದರೆ ಬಟನ್ 3 ಮಿಮೀಗಿಂತ ಕಡಿಮೆ ಇರುವ ಟಯರಿನಲ್ಲಿ ಹೆದ್ದಾರಿ 66ಕ್ಕೋ ಆಗುಂಬೆ ಘಾಟಿಗೋ ಇಳಿಯಬೇಡಿ. ಕಾನೂನಿನ ಮಿತಿ 1.6 ಮಿಮೀ ಇರಬಹುದು, ಆ ಮಳೆಯ ನೀರನ್ನು ಹೊರದೂಡಲು ಅದು ಸಾಲದು.