ಸೂರಕ್ಕಿಯ ಕೊರಳಿಗೆ ಮಿಂಚು ಬರಿಸುವುದು

ನನ್ನ ಹತ್ತಿರ ಚಿತ್ರ ಕಲಿಯಲು ಬರುವ ಮಕ್ಕಳು ಮೊಬೈಲಿನಲ್ಲಿ ಹಮ್ಮಿಂಗ್‌ಬರ್ಡ್ ತೋರಿಸಿ, "ಮಾಸ್ತರೇ, ಇದನ್ನೇ ಬಿಡಿಸುವ" ಎನ್ನುತ್ತಾರೆ. ಅದು ಅಮೆರಿಕ ಖಂಡಗಳ ಹಕ್ಕಿ, ಶಿರಸಿಯಲ್ಲಿ ಎಲ್ಲಿಂದ ಬರಬೇಕು? ಹಿತ್ತಿಲ ದಾಸವಾಳಕ್ಕೆ ಬರುವ ಸೂರಕ್ಕಿಯನ್ನು ಹಿಡಿಯಿರಿ. ಎರಡರ ಹೊಳಪೂ ಒಂದೇ ಬಗೆಯದು: ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಹುಟ್ಟುವ ಬಣ್ಣ. ಅದಕ್ಕೇ ಹಕ್ಕಿ ಕತ್ತು ತಿರುಗಿಸಿದರೆ ನೀಲಿ ಹೋಗಿ ಹಸಿರು ಕಾಣುತ್ತದೆ, ನೆರಳಿಗೆ ಸರಿದರೆ ಬರೀ ಕಪ್ಪು.

ಇದು ಜಲವರ್ಣದ ಕೆಲಸ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ, 6 ಮತ್ತು 2ನೇ ನಂಬರಿನ ದುಂಡು ಕುಂಚ, ಅಲ್ಟ್ರಾಮರೀನ್ ನೀಲಿ, ಥ್ಯಾಲೋ ಹಸಿರು, ಪರ್ಮನೆಂಟ್ ರೋಸ್ ಎಂಬ ಗುಲಾಬಿ ಬಣ್ಣ ಸಾಕು. ಮಿರಮಿರ ಮಿನುಗುವ ಮೆಟಾಲಿಕ್ ಬಣ್ಣ ತರಬೇಡಿ; ಹಕ್ಕಿ ಮದುವೆ ಕಾಗದದ ಹಾಗೆ ಕಾಣುತ್ತದೆ.

ಮರಿ ಮಾಡುವ ಕಾಲದ ಗಂಡು ನೇರಳೆ ಸೂರಕ್ಕಿಯನ್ನು ಆರಿಸಿಕೊಳ್ಳಿ. ಕೊಕ್ಕು ತೆಳ್ಳಗೆ, ಕೆಳಗೆ ಬಾಗಿರಲಿ. ಸೂರಕ್ಕಿ ಹೆಚ್ಚಾಗಿ ಕೂತೇ ಮಕರಂದ ಹೀರುವುದರಿಂದ ರೆಕ್ಕೆ ಮಡಚಿ ಬಿಡಿಸಿದರಾಯಿತು. ಹಮ್ಮಿಂಗ್‌ಬರ್ಡೇ ಬೇಕೆಂದರೆ, ಅದು ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯುತ್ತಿರುತ್ತದೆ; ಗರಿ ಎಣಿಸುತ್ತ ಕೂರಬೇಡಿ, ರೆಕ್ಕೆಯ ಅಂಚನ್ನು ಒದ್ದೆ ಕುಂಚದಿಂದ ಮಸುಕು ಮಾಡಿ.

ನಿಜವಾದ ಕೆಲಸ ಕೊರಳಿನದು. ಕೊರಳು, ಎದೆಗೆ ಬರೀ ನೀರು ಸವರಿ ಕಾಗದವನ್ನು ಓರೆಯಾಗಿ ಹಿಡಿದು ನೋಡಿ. ನೀರು ನಿಂತಿದ್ದರೆ ಕಾಯಿರಿ. ತೆಳು ಪಸೆ ಉಳಿದಾಗ ಒಂದು ಕಡೆ ಹಸಿರು, ನಡುವೆ ನೀಲಿ, ಆಚೆ ರೋಸ್ ತೊಟ್ಟು ತೊಟ್ಟಾಗಿ ಮುಟ್ಟಿಸಿ. ಅವೇ ಹರಡಿಕೊಳ್ಳಲಿ, ಕುಂಚದಿಂದ ಕಲಕಬೇಡಿ. ನೀಲಿ ನಡುವೆ ಇರಲೇಬೇಕು. ಹಸಿರು-ರೋಸ್ ನೇರ ಕೂಡಿದರೆ ಬಣ್ಣ ಸತ್ತು ಬೂದಿಯಾಗುತ್ತದೆ. ಹೆಗಲ ಹತ್ತಿರ ಉಗುರಂಚಿನಷ್ಟು ಬಿಳಿ ಕಾಗದ ಬಿಡಿ.

ಈಗ ಒಣಗಬೇಕು. ನಮ್ಮ ಮಳೆಗಾಲದಲ್ಲಿ ಇದಕ್ಕೆ ತಾಳ್ಮೆ ಬೇಕು. ಬೆರಳ ಹಿಂಬದಿ ತಾಗಿಸಿದಾಗ ತಣ್ಣಗಿದ್ದರೆ ಒಳಗಿನ್ನೂ ಹಸಿ. ಪೂರ್ತಿ ಒಣಗಿದ ಮೇಲೆ ಅದೇ ಹಸಿರು-ರೋಸ್‌ಗಳನ್ನು ಬೇಕೆಂದೇ ದಪ್ಪಗೆ ಕಲಸಿ. ಅಂಗಡಿಯ ಕಪ್ಪಿಗಿಂತ ಜೀವ ಇರುವ ಗಾಢ ಬಣ್ಣ ಸಿಗುತ್ತದೆ. ರೆಕ್ಕೆಗೂ ಕೊರಳಿನ ಅಂಚಿಗೂ ಅದನ್ನೇ ಹಚ್ಚಿ. ಪಕ್ಕದಲ್ಲಿ ಕಪ್ಪು ಬಂದ ಕೂಡಲೇ ಬಿಟ್ಟ ಬಿಳಿ ಮಿಂಚುತ್ತದೆ.

ಕಣ್ಣಿನಲ್ಲಿ ಸೂಜಿಮೊನೆಯಷ್ಟು ಬಿಳಿ ಉಳಿಸಿ, ಕೊಕ್ಕಿಗೆ ಸಣ್ಣ ಕುಂಚ. ದಾಸವಾಳ ಕೊನೆಗೆ, ಅದೂ ನೀರು ನೀರಾದ ರೋಸ್‌ನಲ್ಲಿ.