ಬೇರೆ ಅಡುಗೆ ಮಾಡಲಿಲ್ಲ, ಪಲ್ಯ ಜಾಸ್ತಿ ಮಾಡಿದೆ

ಕಳೆದ ವರ್ಷ ಶ್ರಾವಣದಲ್ಲಿ ನನ್ನ ಹೆಂಡತಿಗೆ ಶುಗರ್ ಇದೆ ಅಂತ ಗೊತ್ತಾಯಿತು. ಕಾಲು ಉರಿ, ಸಂಜೆ ಆದರೆ ಸುಸ್ತು ಅಂತಿದ್ದಳು. ರಕ್ತ ಪರೀಕ್ಷೆ ಮಾಡಿಸಿದೆವು. ಎಚ್‌ಬಿಎ1ಸಿ 8.4 ಬಂತು. ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆ ಮಟ್ಟ ಹೇಗಿತ್ತು ಅಂತ ಹೇಳುವ ಪರೀಕ್ಷೆ ಇದು. 6.5 ಮುಟ್ಟಿದರೇ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಮಗ ಹೊಟ್ಟೆಯಲ್ಲಿದ್ದಾಗಲೂ ಅವಳಿಗೆ ಶುಗರ್ ಏರಿತ್ತು. ಹೆರಿಗೆ ಆದ ಮೇಲೆ ಇಳಿಯಿತು, ನಾವೂ ಮರೆತೆವು. ಬಸಿರಲ್ಲಿ ಶುಗರ್ ಬಂದವರಿಗೆ ಮುಂದೆ ಬರುವ ಸಾಧ್ಯತೆ ಜಾಸ್ತಿ. ಆಗಾಗ ಪರೀಕ್ಷೆ ಮಾಡಿಸಬೇಕಿತ್ತು. ಮಾಡಿಸಲಿಲ್ಲ.

ಡಾಕ್ಟರು ಮಾತ್ರೆ ಬರೆದರು. ಜೊತೆಗೆ ಊಟದಲ್ಲಿ ಪಿಷ್ಟ ಕಡಿಮೆ ಮಾಡಿ ಅಂತ ಆಹಾರ ತಜ್ಞೆಯ ಹತ್ತಿರ ಕಳಿಸಿದರು. ಅವರು ಅವಳ ತೂಕ, ಕೆಲಸ, ಮಾತ್ರೆ ಎಲ್ಲ ಕೇಳಿ, ರಾತ್ರಿ ಊಟದಲ್ಲಿ ಕಾರ್ಬ್, ಅಂದರೆ ಪಿಷ್ಟ-ಸಕ್ಕರೆ ಅಂಶ, 30ರಿಂದ 35 ಗ್ರಾಂ ಒಳಗೆ ಇರಲಿ ಅಂದರು. ಇದು ಅವಳಿಗೆ ಹೇಳಿದ ಲೆಕ್ಕ, ಎಲ್ಲರಿಗೂ ಇದೇ ಅಂತಲ್ಲ. ಅವಳು ಶಾಲೆಯಿಂದ ಬರುವಾಗ ಆರೂವರೆ ಆಗುತ್ತೆ. ನಾನು ಐದೂವರೆಗೆ ಮನೆಯಲ್ಲಿರುತ್ತೇನೆ. ರಾತ್ರಿ ಅಡುಗೆ ನಾನೇ ಮಾಡ್ತೀನಿ ಅಂದೆ.

ನಾವು ಮೈಸೂರಿನವರು. ಮನೆಯಲ್ಲಿ ಐದು ಜನ. ಅಮ್ಮ, ನಾವಿಬ್ಬರು, ಪಿಯುಸಿ ಓದುವ ಮಗಳು, ಏಳನೇ ಕ್ಲಾಸಿನ ಮಗ. ರಾತ್ರಿ ಅಂದರೆ ಮುದ್ದೆ, ಸಾರು, ಆಮೇಲೆ ಅನ್ನ, ಕೊನೆಗೆ ಮಜ್ಜಿಗೆ. ಇದರಲ್ಲಿ ಎಲ್ಲಿ ಕೈ ಹಾಕೋದು ಅಂತ ಮೊದಲು ತಿಳಿಯಲಿಲ್ಲ. ಹಾಗಾಗಿ ಅವಳಿಗೆ ಅಂತಲೇ ಬೇರೆ ಅಡುಗೆ ಶುರು ಮಾಡಿದೆ. ಹೂಕೋಸು ತುರಿದು ಅನ್ನದ ಥರ ಬೇಯಿಸೋದು, ಒಂದು ದಿನ ಸೂಪು, ಒಂದು ದಿನ ಬರೀ ತರಕಾರಿ ಹೆಚ್ಚಿಟ್ಟ ತಟ್ಟೆ. ಒಂಬತ್ತು ದಿನ ಮಾಡಿದೆ. ನಾವು ನಾಲ್ಕು ಜನ ಬಿಸಿ ಮುದ್ದೆ ಮುರೀತಿದ್ದರೆ ಅವಳು ಪಕ್ಕದಲ್ಲಿ ಸೂಪು ಕುಡೀತಿದ್ದಳು. ರಾತ್ರಿ ಹತ್ತೂವರೆಗೆ ಹಸಿವು ತಡೆಯದೆ ಡಬ್ಬಿ ತೆಗೆದು ನಾಲ್ಕು ರಸ್ಕ್ ತಿಂದಳು. ಹತ್ತನೇ ದಿನ ಹೇಳಿದಳು, "ರೀ, ನನಗೆ ಬೇರೆ ತಟ್ಟೆ ಬೇಡ. ಆಸ್ಪತ್ರೆ ಊಟದ ಥರ ಇದೆ. ನಿಮ್ಮ ಜೊತೆ ನೀವು ತಿನ್ನೋದನ್ನೇ ಕೊಡಿ."

ಆ ಮಾತು ಸರಿ ಅನ್ನಿಸಿತು. ಒಂದೆರಡು ವಾರದ ಪಥ್ಯ ಆದರೆ ಬೇರೆ ಮಾಡಬಹುದು. ಇದು ವರ್ಷಗಟ್ಟಲೆ ನಡೀಬೇಕಾದ್ದು.

ಆಹಾರ ತಜ್ಞೆ ಒಂದು ವಾರ ಏನೇನು ತಿಂದಿರಿ ಅಂತ ಬರೆದುಕೊಂಡು ಬನ್ನಿ ಅಂದಿದ್ದರು. ಅವಳ ಬದಲು ನಾನೇ ಬರೆದೆ. ಬರೆಯುವಾಗಲೇ ನನಗೆ ಕಂಡಿದ್ದು. ನಮ್ಮ ಮನೆಯಲ್ಲಿ ಅವಳು ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಿದ್ದಳು. ಐದು ಜನಕ್ಕೆ ಕಾಲು ಕೆಜಿ ಹುರುಳಿಕಾಯಿ ಪಲ್ಯ ಮಾಡುತ್ತಿದ್ದೆವು. ಅವಳು ಕೂರುವ ಹೊತ್ತಿಗೆ ಬಾಣಲೆಯಲ್ಲಿ ಒಂದು ಚಮಚ ಉಳಿದಿರುತ್ತಿತ್ತು. ಸಾರಿನಲ್ಲಿ ಕಾಳು, ತರಕಾರಿ ಎಲ್ಲ ನಮ್ಮ ತಟ್ಟೆಗೆ ಬಂದು, ಅವಳಿಗೆ ತೆಳು ಸಾರು. ಮಗ ಬಿಟ್ಟ ಅರ್ಧ ಮುದ್ದೆಯನ್ನ ಎಸೆಯೋದ್ಯಾಕೆ ಅಂತ ಅವಳೇ ತಿನ್ನುತ್ತಿದ್ದಳು. ಆಮೇಲೆ ಹೊಟ್ಟೆ ತುಂಬೋಕೆ ಮಜ್ಜಿಗೆ ಅನ್ನ. ಮದುವೆಯಾಗಿ ಹದಿನೆಂಟು ವರ್ಷ ಆಗಿದೆ. ಎದುರಿಗೇ ಕೂತು ಉಂಡರೂ ನಾನು ಇದನ್ನ ನೋಡಿರಲಿಲ್ಲ.

ಹಾಗಾಗಿ ಅನ್ನ ಕಿತ್ತುಕೊಳ್ಳೋದಕ್ಕಿಂತ ಮೊದಲು ಪಲ್ಯ ಜಾಸ್ತಿ ಮಾಡಬೇಕು ಅಂತ ತೀರ್ಮಾನಿಸಿದೆ. ಎಲ್ಲರೂ ಒಟ್ಟಿಗೆ ಕೂರಬೇಕು. ಪಾತ್ರೆಗಳು ಮಧ್ಯದಲ್ಲಿ. ಮೊದಲು ಅವಳ ತಟ್ಟೆಗೆ ಪಲ್ಯ.

ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ತಂದೆ, ಬ್ಯಾಟರಿಯದು. ನಮ್ಮ ಮಾಮೂಲಿ ಮುದ್ದೆ ತೂಕ ಹಾಕಿದೆ. 290 ಗ್ರಾಂ ಇತ್ತು. ನಾವು ಕಟ್ಟುವ ಹದಕ್ಕೆ ಅದರಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಹಿಟ್ಟು, ಉಳಿದದ್ದು ನೀರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬ್, 11 ಗ್ರಾಂ ನಾರು. ಅಂದರೆ ಒಂದು ಮುದ್ದೆಗೇ 65 ಗ್ರಾಂ ಹತ್ತಿರ ಹೋಯಿತು. ಮೇಲೆ ಒಂದು ಬಟ್ಟಲು ಅನ್ನ, 150 ಗ್ರಾಂ ಅಂದರೆ ಇನ್ನೊಂದು 40 ಗ್ರಾಂ. ರಸ್ಕ್ ಲೆಕ್ಕಕ್ಕೇ ಇಲ್ಲ.

ಇದು ಅಮ್ಮನಿಗೆ ನುಂಗಲಾರದ ತುತ್ತಾಯಿತು. "ರಾಗಿ ತಿಂದವನು ನಿರೋಗಿ ಅಂತಾರೆ ಕಣೋ. ಶುಗರ್ ಇರೋರಿಗೆ ಮುದ್ದೆ ಒಳ್ಳೇದು ಅಂತ ಊರೆಲ್ಲ ಹೇಳುತ್ತೆ" ಅಂದರು. ಅಮ್ಮ ಹೇಳೋದರಲ್ಲಿ ಸುಳ್ಳಿಲ್ಲ. ಪಾಲಿಶ್ ಮಾಡಿದ ಅಕ್ಕಿಗಿಂತ ರಾಗಿ ಮೇಲು, ನಾರಿದೆ, ಸುಣ್ಣದ ಅಂಶ ಇದೆ. ಆದರೆ ಒಳ್ಳೇದು ಅನ್ನೋದು ಬೇರೆ, ಎಷ್ಟು ಬೇಕಾದರೂ ತಿನ್ನಬಹುದು ಅನ್ನೋದು ಬೇರೆ. ನವಣೆ, ಸಾಮೆಯೂ ಹಾಗೇ. 100 ಗ್ರಾಂಗೆ 60 ಗ್ರಾಂ ಮೇಲೇ ಕಾರ್ಬ್ ಇರುತ್ತೆ. ಸಿರಿಧಾನ್ಯ ಅಂದ ತಕ್ಷಣ ತಟ್ಟೆ ತುಂಬ ಬಡಿಸಿಕೊಂಡರೆ ಉಪಯೋಗ ಇಲ್ಲ.

ಬಾಯಿಮಾತಿಗಿಂತ ಗ್ಲೂಕೋಮೀಟರ್, ಅಂದರೆ ಮನೆಯಲ್ಲೇ ಶುಗರ್ ನೋಡುವ ಮೀಟರ್, ಕೆಲಸ ಮಾಡಿತು. ಒಂದು ದಿನ ಅವಳು ಮೊದಲಿನ ಥರವೇ ಇಡೀ ಮುದ್ದೆ ಉಂಡಳು. ಎರಡು ಗಂಟೆ ಬಿಟ್ಟು ನೋಡಿದರೆ 231. ಎರಡು ದಿನ ಬಿಟ್ಟು ಅದೇ ಬಸ್ಸಾರು, ಆದರೆ ಮೊದಲು ಎರಡು ದೊಡ್ಡ ಸೌಟು ಪಲ್ಯ, ಒಂದು ಬೇಯಿಸಿದ ಮೊಟ್ಟೆ, ಕೊನೆಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ 75 ಗ್ರಾಂ ಮುದ್ದೆ. 162 ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಎರಡೂ ನಂಬರ್ ನೋಡಿದರು. ಏನೂ ಮಾತಾಡಲಿಲ್ಲ. ಮಾರನೇ ದಿನ ಮುದ್ದೆ ಕಟ್ಟುವಾಗ ಅವರೇ ಒಂದು ಪುಟಾಣಿ ಮುದ್ದೆ ಕಟ್ಟಿ ಪಕ್ಕಕ್ಕಿಟ್ಟರು.

ಇಂಥ ಊಟಕ್ಕೆ ನಮ್ಮ ಕಡೆ ಬಸ್ಸಾರು, ಉಪ್ಸಾರಿಗಿಂತ ಹೇಳಿಮಾಡಿಸಿದ್ದು ಇಲ್ಲ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡಾಗುತ್ತೆ. ಬಸಿದ ನೀರು ಸಾರಿಗೆ, ಸೊಪ್ಪು-ಕಾಳು ಪಲ್ಯಕ್ಕೆ. ಮುದ್ದೆ ಉಣ್ಣುವವರು ಸಾರಿನ ಕಡೆ, ಅವಳು ಪಲ್ಯದ ಕಡೆ. ಯಾರಿಗೂ ಬೇರೆ ಅಡುಗೆ ಅಂತ ಅನ್ನಿಸಲ್ಲ.

ನಾನು ಮಾಡೋದು ಹೀಗೆ. ಬೆಳಗ್ಗೆ ಹೋಗುವಾಗಲೇ 150 ಗ್ರಾಂ ಅಲಸಂದೆ ಕಾಳು ನೆನೆಹಾಕಿ ಹೋಗ್ತೀನಿ. ಸಂಜೆ ಬಂದು ಕುಕ್ಕರ್‌ನಲ್ಲಿ ಎರಡು ಕೂಗು. ಅಷ್ಟರಲ್ಲಿ ಮೂರು ಕಟ್ಟು ದಂಟು ಸೊಪ್ಪು, ಒಂದು ಕಟ್ಟು ಸಬ್ಬಸಿಗೆ ತೊಳೆದು ಹೆಚ್ಚಿಕೊಳ್ಳೋದು. ಮೊದಲು ಒಂದು ಕಟ್ಟಲ್ಲಿ ಮುಗಿಸುತ್ತಿದ್ದೆವು. ಬೆಂದ ಕಾಳಿಗೆ ಸೊಪ್ಪು, ಉಪ್ಪು ಹಾಕಿ ಮುಚ್ಚದೆ ಏಳೆಂಟು ನಿಮಿಷ ಬೇಯಿಸ್ತೀನಿ. ಆಮೇಲೆ ಬಸಿಯೋದು. ಸಾರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಸಾರಿನ ಪುಡಿ, ಹುಣಸೆ ರುಬ್ಬಬೇಕು. ಗಟ್ಟಿ ಬರಲಿ ಅಂತ ಮೊದಲು ಎರಡು ಹಿಡಿ ಬೆಂದ ಕಾಳನ್ನೂ ರುಬ್ಬಿ ಹಾಕುತ್ತಿದ್ದೆವು. ಈಗ ಕಾಳು ಒಂದು ಹಿಡಿ, ಮಿಕ್ಕಿದ್ದಕ್ಕೆ ಅದೇ ಸೊಪ್ಪು. ಬೆಲ್ಲ ಬಿಟ್ಟೆವು. ಮೊದಲ ವಾರ ಮಗಳು ಕೇಳಿದಳು, ಆಮೇಲೆ ಮರೆತಳು.

ಪಲ್ಯಕ್ಕೆ ಕಡ್ಲೆಕಾಯಿ ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಎಂಟು ಎಸಳು. ಬೆಳ್ಳುಳ್ಳಿ ಅಂಚು ಕೆಂಪಾಗೋವರೆಗೂ ಕಾಯಬೇಕು, ಅವಸರ ಮಾಡಬಾರದು. ಆಮೇಲೆ ಈರುಳ್ಳಿ. ಬಸಿದ ಸೊಪ್ಪು-ಕಾಳನ್ನ ಕೈಯಲ್ಲಿ ಹಗುರಾಗಿ ಹಿಂಡಿ ಹಾಕ್ತೀನಿ, ಇಲ್ಲದಿದ್ದರೆ ಮುದ್ದೆಮುದ್ದೆ ಆಗುತ್ತೆ. ಕೊನೆಗೆ ಒಂದು ಹಿಡಿ ಕಾಯಿತುರಿ. ಪಲ್ಯ ಉದುರುದುರಾಗಿ ಇದ್ದರೆ ಬಾಯಿಗೆ ಅನ್ನದ ಥರ ತುಂಬಿಕೊಳ್ಳುತ್ತೆ. ನೀರು ನೀರಾಗಿದ್ದರೆ ಅನ್ನ ಕೇಳುತ್ತೆ. ಇಷ್ಟು ತಿಳಿಯೋಕೆ ನನಗೆ ಒಂದು ತಿಂಗಳು ಬೇಕಾಯಿತು. ಕಾಳಿನಲ್ಲೂ ಪಿಷ್ಟ ಇದೆ, ಮರೀಬಾರದು. ಅವಳ ಪಾಲಿಗೆ ಬರುವ ಒಣಕಾಳು 30 ಗ್ರಾಂ ಅಂದರೆ ಸುಮಾರು 16 ಗ್ರಾಂ ಕಾರ್ಬ್. ಪುಟಾಣಿ ಮುದ್ದೆದು 17. ಅಲ್ಲಿಗೆ ರಾತ್ರಿ ಲೆಕ್ಕ ಸರಿಹೋಯಿತು. ಅನ್ನ ಬೇಕು ಅನ್ನಿಸಿದ ದಿನ ಮುದ್ದೆ ಇಲ್ಲ, ಅದರ ಬದಲು 60 ಗ್ರಾಂ ಅನ್ನ. ಎರಡೂ ಅಂತೂ ಇಲ್ಲ.

ಹಸಿವಿನ ವಿಷಯ. ಆ ಮೊದಲ ಒಂಬತ್ತು ದಿನ ಅವಳು ರಸ್ಕ್ ಡಬ್ಬಿಗೆ ಕೈ ಹಾಕಿದ್ದು ನಾಲಿಗೆ ಚಪಲಕ್ಕಲ್ಲ. ನಾನು ಅನ್ನ ತೆಗೆದೆ, ಆ ಜಾಗಕ್ಕೆ ಏನೂ ಇಡಲಿಲ್ಲ. ಬರೀ ತರಕಾರಿ ನಿಲ್ಲಲ್ಲ. ಈಗ ದಿನಾ ರಾತ್ರಿ ಅವಳ ತಟ್ಟೆಯಲ್ಲಿ ಮೊಟ್ಟೆ, ಪನ್ನೀರು, ಕಡ್ಲೆಕಾಯಿ ಬೀಜ, ಮೀನು ಇದರಲ್ಲಿ ಏನಾದರೂ ಒಂದು ಇದ್ದೇ ಇರುತ್ತೆ. ಮೊಟ್ಟೆಯಲ್ಲಿ ಕಾರ್ಬ್ ಒಂದು ಗ್ರಾಂ ಕೂಡ ಇರಲ್ಲ, ಪ್ರೋಟೀನ್ ಆರು ಗ್ರಾಂ. ನಮ್ಮ ಈರನಗೆರೆ ಬದನೆಕಾಯಿ ಸಿಕ್ಕ ದಿನ ಎಣ್ಣೆಗಾಯಿ ಮಾಡ್ತೀನಿ. ಹುರಿದ ಕಡ್ಲೆಕಾಯಿ ಬೀಜ, ಹುಚ್ಚೆಳ್ಳು, ಕಾಯಿ ರುಬ್ಬಿ ತುಂಬೋದು. ಅದಿದ್ದ ದಿನ ಅವಳು ಮುದ್ದೆ ಇಲ್ಲದೆಯೂ ಉಣ್ಣುತ್ತಾಳೆ. ಮಜ್ಜಿಗೆ ಅನ್ನದ ಜಾಗಕ್ಕೆ ಮೊಸರು ಬಂತು. ಸೌತೆಕಾಯಿ ಹೆಚ್ಚಿ, ಗಟ್ಟಿ ಮೊಸರು ಹಾಕಿ, ಇಂಗಿನ ಒಗ್ಗರಣೆ. ಕಿಡ್ನಿ ತೊಂದರೆ ಇರುವವರು ಮಾತ್ರ ಕಾಳು, ಮೊಟ್ಟೆ ಎಷ್ಟು ಅಂತ ಡಾಕ್ಟರ ಹತ್ತಿರ ಕೇಳಿಯೇ ತಿನ್ನಬೇಕು.

ಭಾನುವಾರದ ಕೋಳಿ ಸಾರು ಬದಲಾಗಲೇ ಇಲ್ಲ. ಆಲೂಗಡ್ಡೆ ಹಾಕೋದು ಬಿಟ್ಟೆವು, ಅಷ್ಟೇ.

ಒಂದು ದೊಡ್ಡ ತಪ್ಪು ಆಯಿತು. ಅದನ್ನ ಹೇಳಲೇಬೇಕು. ಅವಳಿಗೆ ಎರಡು ಥರದ ಮಾತ್ರೆ ಇತ್ತು. ಅದರಲ್ಲಿ ಒಂದು ಇನ್ಸುಲಿನ್ ಹೆಚ್ಚು ಹೊರಬರುವ ಹಾಗೆ ಮಾಡುವಂಥದ್ದು. ಊಟದಲ್ಲಿ ಇಷ್ಟು ಕಡಿಮೆ ಮಾಡಿದ್ದೇವೆ ಅಂತ ನಾವು ಡಾಕ್ಟರಿಗೆ ತಿಳಿಸಿರಲಿಲ್ಲ. ಮುಂದಿನ ಭೇಟಿಗೆ ಹೇಳಿದರಾಯಿತು ಅಂದುಕೊಂಡಿದ್ದೆವು. ಐದನೇ ವಾರ ಒಂದು ರಾತ್ರಿ ಹನ್ನೊಂದಕ್ಕೆ ಎಬ್ಬಿಸಿದಳು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಮೀಟರ್‌ನಲ್ಲಿ 61. 70ಕ್ಕಿಂತ ಕೆಳಗೆ ಹೋದರೆ ಅಪಾಯ. ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ನೋಡಿದಾಗ 84 ಬಂತು. ಆ ಹದಿನೈದು ನಿಮಿಷ ನಾನು ಅವಳ ಕೈ ಬಿಡಲಿಲ್ಲ. ಬೆಳಗ್ಗೆ ಹೋಗಿ ಹೇಳಿದ ಮೇಲೆ ಡಾಕ್ಟರು ಆ ಮಾತ್ರೆ ಅರ್ಧಕ್ಕೆ ಇಳಿಸಿದರು, ಆಮೇಲೆ ನಿಲ್ಲಿಸಿಯೇ ಬಿಟ್ಟರು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಇಂಥ ಮಾತ್ರೆ ತಗೊಳ್ಳುವವರು ಅನ್ನ ಕಡಿಮೆ ಮಾಡುವ ಮೊದಲೇ ಡಾಕ್ಟರಿಗೆ ಹೇಳಿ. ಮಾಡಿದ ಮೇಲೆ ಅಲ್ಲ. ಸುಮ್ನೆ ನೀವೇ ಮಾತ್ರೆ ನಿಲ್ಲಿಸಲೂ ಬೇಡಿ.

ಮಕ್ಕಳಿಗೆ, ಅಮ್ಮನಿಗೆ ನಾವು ಏನೂ ಕಡಿಮೆ ಮಾಡಿಲ್ಲ. ಬೆಳೆಯುವ ಹುಡುಗ, ಸಂಜೆ ಕಬಡ್ಡಿ ಆಡಿ ಬರುತ್ತಾನೆ, ಅವನಿಗೆ ಮುದ್ದೆಯೂ ಬೇಕು, ಅನ್ನವೂ ಬೇಕು. ಅಮ್ಮನಿಗೆ ಎಪ್ಪತ್ತಮೂರು. ಅವರ ಊಟ ಅವರ ಇಷ್ಟ. ಎಲ್ಲರಿಗೂ ಒಂದೇ ಪಥ್ಯ ಮಾಡಿದರೆ ಮನೆ ಅವಳ ಮೇಲೆ ಮುನಿಸಿಕೊಳ್ಳುತ್ತೆ ಅನ್ನೋದು ನನ್ನ ಭಯವಾಗಿತ್ತು. ಹಾಗೆ ಆಗಲಿಲ್ಲ. ಪಲ್ಯ ಜಾಸ್ತಿ ಇದೆ ಅಂತ ಮಕ್ಕಳೂ ಜಾಸ್ತಿ ತಿನ್ನೋಕೆ ಶುರು ಮಾಡಿದರು. ಈಗ ದೇವರಾಜ ಮಾರುಕಟ್ಟೆಯಿಂದ ವಾರಕ್ಕೆ ತರುವ ತರಕಾರಿ ಎರಡು ಪಟ್ಟಾಗಿದೆ. ಅಕ್ಕಿ ತರೋದು ಇಳಿದಿದೆ, ಆದರೆ ಖರ್ಚು ಸರಿಸಮ ಆಗಿಲ್ಲ, ತಿಂಗಳಿಗೆ ಒಂದೂವರೆ ಸಾವಿರ ಜಾಸ್ತಿಯೇ ಬರುತ್ತೆ.

ಯುಗಾದಿಗೆ ಒಬ್ಬಟ್ಟು ಮಾಡಿದೆವು. ಅವಳು ಕೋಸಂಬರಿ, ಪಲ್ಯ ಉಂಡು, ಅನ್ನ ಬಿಟ್ಟು, ತುಪ್ಪ ಹಾಕಿಕೊಂಡು ಅರ್ಧ ಒಬ್ಬಟ್ಟು ತಿಂದಳು. ಉಳಿದರ್ಧ ಯಾರೂ ಬಲವಂತ ಮಾಡಲಿಲ್ಲ. ನೆಂಟರ ಮನೆಗೆ ಹೋದಾಗ ಮಾತ್ರ ಇನ್ನೂ ಕಷ್ಟ. "ಒಂದಿನ ತಿಂದ್ರೆ ಏನಾಗುತ್ತೆ" ಅಂತ ಬಡಿಸಿಯೇ ಬಿಡುತ್ತಾರೆ. ತಿಂಗಳಲ್ಲಿ ಅಂಥ ಒಂದಿನ ಐದಾರು ಬರುತ್ತೆ ಅಂತ ಅವರಿಗೆ ಹೇಗೆ ಹೇಳೋದು? ಅಂಥ ಕಡೆ ನಾನು ಅವಳ ಪಕ್ಕದಲ್ಲೇ ಕೂರ್ತೀನಿ, ಅವಳ ಎಲೆಯ ಅನ್ನ ನನ್ನ ಎಲೆಗೆ ಹಾಕಿಕೊಳ್ತೀನಿ.

ಮೂರು ತಿಂಗಳಿಗೆ 8.4 ಇದ್ದದ್ದು 7.3 ಆಯಿತು. ಆರು ತಿಂಗಳಿಗೆ 6.7. ಊಟ ಆದ ಮೇಲೆ ಇಬ್ಬರೂ ಹದಿನೈದು ನಿಮಿಷ ನಮ್ಮ ಬೀದಿಯಲ್ಲೇ ನಡೀತೀವಿ, ಅದರ ಪಾಲೂ ಇದರಲ್ಲಿ ಇದೆ. ಕಾಲು ಉರಿ ಪೂರ್ತಿ ಹೋಗಿಲ್ಲ.

ಈಗ ಅವರೆಕಾಯಿ ಬರುವ ಕಾಲ. ಹಿತಕಿದ ಬೇಳೆಯಲ್ಲಿ ಪಿಷ್ಟ ಎಷ್ಟು, ಅವಳಿಗೆ ಎಷ್ಟು ಸೌಟು ಹಾಕೋದು ಅಂತ ಲೆಕ್ಕ ಹಾಕ್ತಾ ಕೂತಿದ್ದೆ. ಅಮ್ಮ ಮೊರದಲ್ಲಿ ಕಾಯಿ ಸುಲಿಯುತ್ತಾ ಹೇಳಿದರು, "ಹಿತಕಿದ್ದು ಹುಡುಗ್ರಿಗೆ ಇರ್ಲಿ. ಅವಳಿಗೆ ಸಿಪ್ಪೆ ಸಮೇತ ಕಾಳು, ಬದನೆಕಾಯಿ ಜಾಸ್ತಿ ಹಾಕಿ ಪಲ್ಯ ಮಾಡು ಕಣೋ. ಮುದ್ದೆ ನಾನು ಕಟ್ತೀನಿ."